ಮೊಳೆ ಇಲ್ಲದ ಚಿತ್ರಗಳು

ಯಲಹಂಕ
12 ಜುಲೈ 1955

ಚಿ. ಗಯಾಸನಿಗೆ,

ನಿನ್ನ ಬೈರಪ್ಪ ಮಾಮು ಗಟ್ಟಿಯಾಗಿದ್ದಾನೆ. ನಿನ್ನ ತಂದೆ ತಾಯಿಯೂ ಗಟ್ಟಿಯಾಗಿದ್ದಾರೆ. ಇದನ್ನು ಮೊದಲೇ ಬರೆಯಲು ಕಾರಣವಿದೆ. ನೀನು ಬೊಂಬಾಯಿಗೆ ಹೋದ ಐದು ವರ್ಷಗಳಲ್ಲಿ ನಾನು ಬರೆದದ್ದು ಒಂದೇ ಕಾಗದ, ಅದೂ ನಿನ್ನ ತಾಯಿಗೆ ವಿಷಮಶೀತ ಜ್ವರ ಬಂದಾಗ. ಈಗ ನನ್ನ ಅಕ್ಷರ ಕಂಡು ನೀನು ಹೆದರಬಾರದು.

ಮೊನ್ನೆ ನಿನ್ನ ತಾಯಿ ಫಖ್ರುನ್ನೀಸಾ ನಿನ್ನ ಕಾಗದದ ಸುದ್ದಿ ಹೇಳುತ್ತಿದ್ದಳು. ನಿಮ್ಮ ಆಫೀಸಿನವರು ಜನರನ್ನು ಗುಂಪು ಕಟ್ಟಿ, ವಿವರಿಸಲು ಒಬ್ಬರನ್ನು ಜೊತೆಗೆ ಕೊಟ್ಟು, ಇಟಲಿಯ ಚಿತ್ರಗಳನ್ನು ನೋಡಲು ಹಡಗು ಹತ್ತಿಸುತ್ತಾರಂತೆ. "ಚಿತ್ರ ನೋಡಕ್ಕೆ ಸಮುದ್ರ ದಾಟ್ತಾರಂತೆ ಬೈರಪ್ಪಣ್ಣ. ಯಾಕೆ, ಅವರ ಮನೇಲಿ ಕ್ಯಾಲೆಂಡರ್ ಇಲ್ವಾ?" ಎಂದು ನಕ್ಕಳು. ನಾನು ನಗಲಿಲ್ಲ.

ಜಾಲಹಳ್ಳಿ ಕಡೆ ಇದ್ದ ನಮ್ಮ ಹೊಲ ಕಾರ್ಖಾನೆಗೆ ಹೋದದ್ದು ನಿನಗೆ ಗೊತ್ತು. ಬಂದ ಹಣದಲ್ಲಿ ಯಶವಂತಪುರದಲ್ಲಿ ನಿವೇಶನ ತೆಗೆದುಕೊಳ್ಳಿ ಎಂದು ಮಕ್ಕಳು ಹೇಳುತ್ತಾರೆ. ನನಗೆ ಬೇರೆ ಆಸೆ ಇದೆ. ಲಡಾಯಿಯ ಕಾಲದಲ್ಲಿ ಜಾಲಹಳ್ಳಿಯ ಸೆರೆ ಕ್ಯಾಂಪಿನಲ್ಲಿ ನಿನ್ನ ತಂದೆ ಸರ್ದಾರನೂ ನಾನೂ ಗಾರೆ ಕೆಲಸ ಮಾಡಿದೆವಲ್ಲ, ಅಲ್ಲಿದ್ದ ಇಟಲಿಯ ಕೈದಿ ಎಟ್ಟೋರೆ ತಮ್ಮ ಪ್ರಾರ್ಥನೆಯ ಕೋಣೆಯ ಗೋಡೆಗೆ ದೇವರ ತಾಯಿಯ ಚಿತ್ರ ಬರೆದಿದ್ದ. ನಮ್ಮಲ್ಲಿ ಗೋಡೆ ಬೇರೆ, ಚಿತ್ರ ಬೇರೆ. ಮೊಳೆ ಹೊಡೆದು ತೂಗುಹಾಕುತ್ತೇವೆ. ಅವರು ಹಸಿ ಗಾರೆಯ ಮೇಲೇ ಬಣ್ಣ ಹಚ್ಚುತ್ತಾರೆ, ಗಾರೆ ಒಣಗುವಾಗ ಆ ಬಣ್ಣವನ್ನು ಕುಡಿದುಬಿಡುತ್ತದೆ. ಆಮೇಲೆ ಗೋಡೆ ಒಡೆದರೆ ಮಾತ್ರ ಚಿತ್ರ ಹೋಗುವುದು. ನಾಲ್ಕೈದು ನೂರು ವರ್ಷದಿಂದ ನಿಂತ ಅಂಥ ಗೋಡೆಗಳು ಅವರ ಊರುಗಳಲ್ಲಿ ಇವೆ ಎಂದು ಎಟ್ಟೋರೆ ಕೈಸನ್ನೆಯಲ್ಲಿ ಹೇಳಿದ್ದ. ಗಾರೆ ಕಲಸಿಯೇ ಬದುಕಿದವನು ಸಾಯುವ ಮೊದಲು ಅಂಥದ್ದನ್ನು ಒಮ್ಮೆ ನೋಡಬೇಕಲ್ಲವೇ?

ನಿಮ್ಮಲ್ಲಿ ಎಷ್ಟು ಬಗೆಯ ಪ್ರವಾಸಗಳಿವೆ, ಯಾವುದು ನನ್ನಂಥವನಿಗೆ ಆದೀತು, ಬರೆ. ನಿನ್ನ ತಂದೆಗೆ ಸದ್ಯ ತಿಳಿಸಬೇಡ. ಹೇಗೂ ನೀವಿಬ್ಬರು ಬರೆದುಕೊಳ್ಳುವುದಿಲ್ಲ.

ನಿನ್ನ
ಚಿಕ್ಕಬೈರಪ್ಪ


ಬೊಂಬಾಯಿ
20 ಜುಲೈ 1955

ಪ್ರೀತಿಯ ಮಾಮು,

ಹೆದರಬೇಡ ಎಂದು ನೀವು ಬರೆದ ಸಾಲನ್ನು ಓದುವುದಕ್ಕೆ ಮೊದಲೇ ನಾನು ಹೆದರಿ ಮುಗಿಸಿದ್ದೆ. ಆಮೇಲೆ ನಕ್ಕೆ. ಪಕ್ಕದ ಮೇಜಿನ ಗುಮಾಸ್ತ ಏನಾಯಿತೆಂದು ಕೇಳಿದ. "ನಮ್ಮೂರಿನಿಂದ ಒಬ್ಬ ಗಾರೆ ಮೇಸ್ತ್ರಿ ಇಟಲಿಗೆ ಹೋಗುತ್ತಾರೆ" ಎಂದೆ. "ಅಲ್ಲಿ ಏನು ರಿಪೇರಿ?" ಎಂದ.

ನಮ್ಮ ಗುಂಪುಗಳಲ್ಲಿ ಬರುವವರು ವಕೀಲರು, ಡಾಕ್ಟರುಗಳು, ಪಾರ್ಸಿ ವಿಧವೆಯರು. ಅವರಿಗೆ ಬೇಕಾದ್ದು ಒಳ್ಳೆಯ ಹಾಸಿಗೆ ಮತ್ತು ಹೇಳಿಕೊಳ್ಳಲು ಸಾಕಾಗುವಷ್ಟು ಚಿತ್ರ. ಅವರಲ್ಲಿ ಒಬ್ಬರೂ ಗೋಡೆಯನ್ನು ಮುಟ್ಟಿ ನೋಡುವವರಲ್ಲ. ನೀವು ಹೋಗಲೇಬೇಕು. ಪ್ರವಾಸಗಳ ಪಟ್ಟಿಗಳು ಮುದ್ರಣದಲ್ಲಿವೆ, ಬಂದ ಕೂಡಲೇ ಕನ್ನಡಕ್ಕೆ ಮಾಡಿ ಕಳಿಸುತ್ತೇನೆ. ಅಷ್ಟರಲ್ಲಿ ನಿಮಗೆ ಏನೇನು ಅನುಕೂಲ ಬೇಕು, ಸಂಕೋಚವಿಲ್ಲದೆ ಬರೆಯಿರಿ.

ಅಬ್ಬಾಗೆ ತಿಳಿಸುವ ಪ್ರಶ್ನೆಯೇ ಇಲ್ಲ. ಅವರ ಮೇಲೆ ನನಗೆ ಕೋಪವೇನೂ ಇಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ನನ್ನ ಕೈಯಿಂದ ಗಾರೆ ಮೆತ್ತುವ ಕರಣೆ ಕಿತ್ತುಕೊಂಡು "ನಿನಗೆ ಇದು ಬೇಡ" ಎಂದರು. ನನ್ನ ಕೈ ಒರಟು ಎಂದು ಕಂಡಿರಬೇಕು. ನನ್ನ ಅಕ್ಷರ ನೋಡಿದರೆ ಅವರು ಹೇಳಿದ್ದು ಸರಿ ಎಂದು ನಿಮಗೂ ಅನ್ನಿಸುತ್ತದೆ. ಇಲ್ಲಿ ನಾನು ಸುಖವಾಗಿದ್ದೇನೆ.

ನಿಮ್ಮ
ಗಯಾಸ್


ಯಲಹಂಕ
2 ಆಗಸ್ಟ್ 1955

ಚಿ. ಗಯಾಸನಿಗೆ,

ಸಂಕೋಚ ಬೇಡ ಎಂದಿದ್ದೀಯ. ಕೇಳುತ್ತೇನೆ.

ಚಿತ್ರವಿರುವ ಕಟ್ಟಡಗಳಿಗೆ ಮೆಟ್ಟಿಲು ಎಷ್ಟು? ಹತ್ತಕ್ಕಿಂತ ಹೆಚ್ಚಿದ್ದರೆ ನಡುವೆ ಕೂರಲು ಜಾಗವಿದೆಯೇ? ದಿನಕ್ಕೆ ಐದು ಸಲ ಕೈಕಾಲು ತೊಳೆಯಲು ನೀರು ಸಿಗುತ್ತದೆಯೇ? ಮಾಂಸವನ್ನು ಯಾರು ಹೇಗೆ ಕುಯ್ದದ್ದು ಎಂದು ತಿಳಿಯದಿದ್ದರೆ ಬರೀ ರೊಟ್ಟಿ ಬೇಳೆಯಲ್ಲಿ ದಿನ ಕಳೆಯಬಹುದೇ? ಗುಂಪಿನಲ್ಲಿ ಯಾರೊಡನೆಯೂ ಮಾತನಾಡದ ಮನುಷ್ಯನಿದ್ದರೆ ಉಳಿದವರು ತಪ್ಪು ತಿಳಿಯುತ್ತಾರೆಯೇ?

ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಿಸುತ್ತಾರೆ? ಬೆಳಿಗ್ಗೆಯೋ ಸಂಜೆಯೋ? ನೆತ್ತಿಯ ಬಿಸಿಲಿನಲ್ಲಿ ಎಲ್ಲ ಗೋಡೆಯೂ ನಯವಾಗಿಯೇ ಕಾಣುತ್ತದೆ. ಬೆಳಕು ಪಕ್ಕದಿಂದ ಬಿದ್ದರೆ ಒಂದು ದಿನ ಮೆತ್ತಿದ ಗಾರೆ ಎಲ್ಲಿ ನಿಂತಿತು, ಮರುದಿನದ್ದು ಎಲ್ಲಿ ಸೇರಿತು ಎನ್ನುವುದು ತಿಳಿಯುತ್ತದೆ.

ಕಡೆಯದು. ಚಿತ್ರ ಬರೆದವನ ಹೆಸರು ಹೇಳುತ್ತಾರಂತೆ. ಗೋಡೆ ಮೆತ್ತಿಕೊಟ್ಟವನ ಹೆಸರು ಹೇಳುತ್ತಾರೆಯೇ?

ನಿನ್ನ
ಚಿಕ್ಕಬೈರಪ್ಪ


ಬೊಂಬಾಯಿ
11 ಆಗಸ್ಟ್ 1955

ಪ್ರೀತಿಯ ಮಾಮು,

ದಿನಕ್ಕೆ ಐದು ಸಲ ಕೈಕಾಲು ತೊಳೆಯುವ, ಹತ್ತು ಮೆಟ್ಟಿಲಿಗೆ ಮಂಡಿ ಹಿಡಿದುಕೊಳ್ಳುವ, ಯಾರೊಡನೆಯೂ ಮಾತನಾಡದ ಮನುಷ್ಯ ನನಗೆ ಗೊತ್ತಿರುವಂತೆ ಯಲಹಂಕದಲ್ಲಿ ಒಬ್ಬರೇ ಇದ್ದಾರೆ. ಅವರು ನೀವಲ್ಲ. ನಿಜ ಹೇಳಿ, ಅಬ್ಬಾನೂ ಬರುತ್ತಾರೆಯೇ?

ನೀವು ಉತ್ತರ ಬರೆಯುವವರೆಗೆ ನಾನು ಏನನ್ನೂ ನಂಬುವುದಿಲ್ಲ. ಪಟ್ಟಿ ಬಂದಿದೆ. ಪ್ರವಾಸ ಎರಡು ಬಗೆ. ಎರಡೂ ಮಾರ್ಚಿನಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ ಹೊರಡುತ್ತವೆ. ಹಡಗಿನಲ್ಲಿ ನೇಪಲ್ಸ್, ಅಲ್ಲಿಂದ ಇಟಲಿಯೊಳಗೆ ಹದಿನೆಂಟು ದಿನ.

ಮೊದಲನೆಯದರಲ್ಲಿ ಎಂಟು ಊರು, ಮೂವತ್ತು ಜನ, ದೊಡ್ಡ ಬಸ್ಸು. ಹೆಚ್ಚಾಗಿ ಅರಮನೆಗಳಂಥ ಚಿತ್ರಶಾಲೆಗಳು. ಬಟ್ಟೆಯ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದು ಚಿನ್ನದ ಚೌಕಟ್ಟು ಹಾಕಿ ತೂಗುಹಾಕಿದ ಚಿತ್ರಗಳು. ಒಂದೊಂದು ಚಿತ್ರಶಾಲೆಗೆ ಎರಡು ಗಂಟೆ. ವಿವರಿಸುವವನು ಕೈಯಲ್ಲಿ ಛತ್ರಿ ಎತ್ತಿ ಹಿಡಿದು ಮುಂದೆ ನಡೆಯುತ್ತಾನೆ, ಹಿಂದುಳಿದವರು ಛತ್ರಿ ನೋಡಿಕೊಂಡು ಓಡಬೇಕು. ಕೂರಲು ಬೆಂಚುಗಳಿವೆ.

ಎರಡನೆಯದರಲ್ಲಿ ನಾಲ್ಕೇ ಊರು, ಹನ್ನೆರಡು ಜನ. ಎಲ್ಲ ಗೋಡೆಗಳೇ, ಮಾಮು. ಪಡುವಾದಲ್ಲಿ ನೆಲದಿಂದ ಸೂರಿನವರೆಗೆ ಚಿತ್ರವಿರುವ ಒಂದು ಚಿಕ್ಕ ಗುಡಿಯಲ್ಲಿ ಒಂದು ಇಡೀ ಬೆಳಗು. ಜೊತೆಗೆ ಬರುವವರು ಫ್ಲಾರೆನ್ಸಿನ ಒಬ್ಬ ವಯಸ್ಸಾದ ಅಮ್ಮ. ಯುದ್ಧದಲ್ಲಿ ಬಾಂಬು ಬಿದ್ದು ಉದುರಿದ ಗೋಡೆಚಿತ್ರಗಳನ್ನು ಚೂರು ಚೂರಾಗಿ ಜೋಡಿಸುವುದು ಅವರ ಕೆಲಸ. ಒಂದು ಮಧ್ಯಾಹ್ನ ಅವರ ಕಾರ್ಯಾಗಾರದಲ್ಲಿ ಸುಣ್ಣ ಕಲಸಿ, ಮೆತ್ತಿ, ಬಣ್ಣ ಹಚ್ಚಿ ತೋರಿಸುತ್ತಾರೆ. ಮೆತ್ತಿದವನ ಹೆಸರು ಎಲ್ಲಿಯೂ ಬರೆದಿಲ್ಲ. ನಾನು ಪಟ್ಟಿಯನ್ನು ಮೂರು ಸಲ ಓದಿದೆ.

ನೀವು ಯಾವುದನ್ನು ಆರಿಸುತ್ತೀರಿ ಎಂದು ನನಗೆ ಗೊತ್ತು. ಆದರೂ ನಿಮ್ಮ ಬಾಯಲ್ಲೇ ಬರಲಿ.

ನಿಮ್ಮ
ಗಯಾಸ್


ಯಲಹಂಕ
19 ಆಗಸ್ಟ್ 1955

ಚಿ. ಗಯಾಸನಿಗೆ,

ಹೌದು, ಸರ್ದಾರನೂ ಬರುತ್ತಾನೆ. ಎಲ್ಲಿಗೆ ಎಂದು ಹೇಳಿದ್ದೇನೆ, ಯಾಕೆ ಎಂದು ಅವನು ಕೇಳಲಿಲ್ಲ. "ನೀನ್ ಒಬ್ನೇ ಹೋದ್ರೆ ಹಡಗಲ್ಲೇ ಕಳೆದೋಗ್ತೀಯ" ಎಂದ. ಅವನ ಮಟ್ಟಿಗೆ ಅದು ಒಪ್ಪಿಗೆ.

ನಮಗೆ ಮೊದಲನೆಯ ಪ್ರವಾಸವೇ ಇರಲಿ. ಬೆಂಚುಗಳಿವೆ ಎಂದಿದ್ದೀಯ, ಅದು ಮುಖ್ಯ. ಎಂಟು ಊರು ನೋಡಿದ ಹಾಗೂ ಆಗುತ್ತದೆ. ಗೋಡೆಗಳನ್ನು ಜನ್ಮವಿಡೀ ನೋಡಿದ್ದೇವೆ. ಬಟ್ಟೆಯ ಮೇಲಿನ ಚಿತ್ರಗಳು ಸಾಕು.

ನಿನ್ನ ತಂದೆಗೂ ಅದೇ ಒಳ್ಳೆಯದು. ಕ್ಯಾಂಪಿನಲ್ಲಿ ಎಟ್ಟೋರೆಯ ಚಿತ್ರಕ್ಕೆ ಅವನು ಮೆತ್ತಿದ ಆ ಗೋಡೆ ಕೆಟ್ಟ ಮೇಲೆ ಅವನು ಹೇಗಾಗಿದ್ದಾನೆ ಎಂದು ನೀನು ನೋಡಿಯೇ ಹೋಗಿದ್ದೀಯ. ಈಗಲೂ ಹಾಗೆಯೇ. ತೊಟ್ಟಿಯ ಸೋರಿಕೆ, ಮಾಳಿಗೆಯ ಬಿರುಕು, ಇಷ್ಟೇ ಕೆಲಸ ಹಿಡಿಯುತ್ತಾನೆ. ಕಳೆದ ತಿಂಗಳು ಅಲ್ಲಾಳಸಂದ್ರದ ಪಿಳ್ಳಪ್ಪನವರು ಮನೆಯ ಮುಂಗೋಡೆಗೆ ಗಾರೆಯಲ್ಲಿ ಬಳ್ಳಿ, ಗಿಳಿ ಎತ್ತಿಸಬೇಕೆಂದು ಗಾಡಿ ಕಟ್ಟಿಕೊಂಡು ಬಂದಿದ್ದರು. "ಗಿಳಿ ಬೇಕಾದ್ರೆ ಸಂತೇಲಿ ಸಿಗ್ತವೆ" ಎಂದು ಕಳಿಸಿಬಿಟ್ಟ. ಹತ್ತು ಊರಿನಲ್ಲಿ ಸರ್ದಾರ್ ಮೇಸ್ತ್ರಿಯ ನುಣುಪಿಗೆ ಸಮನಿಲ್ಲ ಎನ್ನುತ್ತಿದ್ದ ಕಾಲವಿತ್ತು.

ಮೊದಲನೆಯದರಲ್ಲಿ ಎರಡು ಜಾಗ ಇಡು.

ನಿನ್ನ
ಚಿಕ್ಕಬೈರಪ್ಪ


ಬೊಂಬಾಯಿ
3 ಸೆಪ್ಟೆಂಬರ್ 1955

ಪ್ರೀತಿಯ ಮಾಮು,

ಜುಲೈನಲ್ಲಿ ಗೋಡೆ ನೋಡದೆ ಸಾಯಬಾರದು ಎಂದಿರಿ, ಆಗಸ್ಟಿನಲ್ಲಿ ಗೋಡೆ ಸಾಕು ಎನ್ನುತ್ತೀರಿ. ನಿಮ್ಮ ಮನಸ್ಸು ನನಗೆ ಅರ್ಥವಾಯಿತು. ಅಬ್ಬಾ ಗೋಡೆಯ ಮುಂದೆ ನಿಂತು ನೋಯಬಾರದು ಎಂದು ನಿಮ್ಮ ಆಸೆಯನ್ನು ಬಿಡುತ್ತಿದ್ದೀರಿ. ಅದಕ್ಕೆ ನಾನು ಅವಕಾಶ ಕೊಡುವುದಿಲ್ಲ. ನಿಮ್ಮನ್ನು ಕೇಳದೆ ಎರಡನೆಯ ಪ್ರವಾಸದಲ್ಲಿ ಎರಡು ಜಾಗ ಹಿಡಿದಿದ್ದೇನೆ.

ಇನ್ನೂ ಒಂದು ಕೆಲಸ ಮಾಡಿದ್ದೇನೆ. ಫ್ಲಾರೆನ್ಸಿನ ಆ ಅಮ್ಮನಿಗೆ ಜಾಲಹಳ್ಳಿಯ ಗೋಡೆಯ ವಿಷಯ ಬರೆದೆ. ಬೇಸಗೆಯಲ್ಲಿ ಬರೆದ ಚಿತ್ರ ಮಳೆಗಾಲ ಮುಗಿಯುವುದರೊಳಗೆ ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗಿ ಉದುರಿತು, ಮೆತ್ತಿದವರು ನನ್ನ ತಂದೆ, ಅವರಂಥ ಕೈ ಆ ಸೀಮೆಯಲ್ಲಿ ಇರಲಿಲ್ಲ, ಕಾರಣ ಏನಿರಬಹುದು ಎಂದು. ಮೊನ್ನೆ ಉತ್ತರ ಬಂತು. "ನಿಮ್ಮ ತಂದೆಯವರನ್ನು ಕರೆತನ್ನಿ. ಕಾರ್ಯಾಗಾರದಲ್ಲಿ ಮಾತನಾಡೋಣ. ಅದಕ್ಕೆ ಮೊದಲು ಒಂದನ್ನು ತಿಳಿಸಿ, ಸುಣ್ಣ ಮರಳಿನ ಜೊತೆಗೆ ಬೇರೆ ಏನಾದರೂ ಬೆರೆತಿತ್ತೇ?" ಎಂದು ಕೇಳಿದ್ದಾರೆ.

ಬೇರೇನೂ ಇರಲಿಲ್ಲ ಎಂದು ನಾನೇ ಬರೆಯಬಹುದಿತ್ತು. ಎಟ್ಟೋರೆ ಹೇಳಿದಂತೆಯೇ ಮಾಡಿದೆ ಎಂದು ಅಬ್ಬಾ ಅಮ್ಮಿಯ ಹತ್ತಿರ ಎಷ್ಟೋ ಸಲ ಹೇಳಿದ್ದನ್ನು ಕೇಳಿದ್ದೇನೆ. ಆದರೂ ಜೊತೆಗಿದ್ದವರು ನೀವು, ನಿಮ್ಮಿಂದ ತಿಳಿದು ಬರೆಯುವುದು ಸರಿ. ಹನ್ನೆರಡು ವರ್ಷದ ಪ್ರಶ್ನೆಗೆ ಅಬ್ಬಾಗೆ ಉತ್ತರ ಸಿಗುತ್ತದೆ, ಮಾಮು. ಅವರಿಗೆ ನಾನು ಕೊಡಬಹುದಾದದ್ದು ಇದೊಂದೇ.

ನಿಮ್ಮ
ಗಯಾಸ್


ಯಲಹಂಕ
14 ಸೆಪ್ಟೆಂಬರ್ 1955

ಗಯಾಸ್,

ನಿನ್ನ ಕಾಗದವನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಆ ಅಮ್ಮನ ಪ್ರಶ್ನೆಗೆ ಉತ್ತರ ಬರೆದುಕೋ. ಬೆಲ್ಲ ಬೆರೆತಿತ್ತು. ಅಳಲೆಕಾಯಿ ನೆನೆಸಿದ ನೀರೂ ಬೆರೆತಿತ್ತು. ಬೆರೆಸಿದವನು ನಾನು. ನಿನ್ನ ತಂದೆಗೆ ಗೊತ್ತಿಲ್ಲ.

ಎಟ್ಟೋರೆ ಬೆರಳು ಮಡಿಸಿ ಹೇಳಿದ್ದು ಮೂರೇ. ಸುಣ್ಣ, ಮರಳು, ನೀರು. ಆಮೇಲೆ ಎರಡೂ ಕೈ ಆಡಿಸಿ ಇನ್ನೇನೂ ಬೇಡ ಎಂದ. ಸರ್ದಾರ್ ಒಪ್ಪಿದ. ಕಲಸುವುದು ನನ್ನ ಪಾಲಿನ ಕೆಲಸ, ಮೆತ್ತುವುದು ಅವನದು. ಗಾರೆಗೆ ಬೆಲ್ಲದ ನೀರು ಹಾಕದೆ ನಾವು ಯಾವ ಮನೆಯನ್ನೂ ಕಟ್ಟಿದವರಲ್ಲ. ನನ್ನ ಅಪ್ಪ ಹಾಕುತ್ತಿದ್ದ, ಅವನ ಅಪ್ಪ ಹಾಕುತ್ತಿದ್ದ. ಬೆಲ್ಲವಿಲ್ಲದ ಗಾರೆ ನನ್ನ ಕಣ್ಣಿಗೆ ಬಡವರ ಗಾರೆ. ಊರು ಬಿಟ್ಟು ಬಂದು ಸೆರೆಯಲ್ಲಿ ಕೂತವನು ತನ್ನ ದೇವರ ತಾಯಿಗೆ ಗೋಡೆ ಕೇಳಿದ್ದಾನೆ, ಹೆದರಿಕೊಂಡು ಕಡಿಮೆ ಕೇಳುತ್ತಿದ್ದಾನೆ ಎಂದುಕೊಂಡೆ. ಆಗ ಬೆಲ್ಲ ಸುಲಭವಾಗಿ ಸಿಗುತ್ತಿರಲಿಲ್ಲ. ಮನೆಯಲ್ಲಿ ಹಬ್ಬಕ್ಕೆಂದು ಇಟ್ಟಿದ್ದ ಎರಡು ಅಚ್ಚು ತಂದು ನೆನೆಸಿ, ಯಾರಿಗೂ ಹೇಳದೆ ಬೆರೆಸಿದೆ. ಅವತ್ತು ಗಾರೆ ಅರೆಯುವ ಗಾಣದ ಕಲ್ಲು ತಿರುಗುವಾಗ ನನಗೆ ಬಹಳ ಸಂತೋಷವಾಗಿತ್ತು.

ಗಣೇಶನ ಹಬ್ಬದ ಹೊತ್ತಿಗೆ ಆ ತಾಯಿಯ ಕೆನ್ನೆಯ ಮೇಲೆ ಕಂದು ಕಲೆ ಎದ್ದಿತು. ಇರುವೆಗಳು ಸಾಲಾಗಿ ಗೋಡೆ ಹತ್ತಿದವು. ನೋಡಿದ ಕೂಡಲೇ ನನಗೆ ತಿಳಿಯಿತು. ಸರ್ದಾರ್ ಅಷ್ಟು ಜನ ಕೈದಿಗಳ ಎದುರಿಗೆ ತನ್ನ ಎದೆ ಮುಟ್ಟಿಕೊಂಡು "ತಪ್ಪು ನನ್ನದು" ಎಂದ. ನಾನು ಅವನ ಪಕ್ಕದಲ್ಲಿಯೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಒಂದು ವಾರವಾದ ಮೇಲೆ ಹೇಳುವುದು ಮೊದಲ ದಿನಕ್ಕಿಂತ ಕಷ್ಟ. ವರ್ಷವಾದ ಮೇಲೆ ಇನ್ನೂ ಕಷ್ಟ.

ನಿನಗೆ ಸೇರಿದ್ದನ್ನು ಬರೆಯಬೇಕು. ನಿನ್ನ ಕೈ ಒರಟು ಎಂದು ಅವನು ಯಾವತ್ತೂ ಅಂದುಕೊಂಡಿಲ್ಲ. ಕರಣೆ ಕಿತ್ತುಕೊಂಡ ದಿನ, ನೀನು ಅಳುತ್ತಾ ಹೋದ ಮೇಲೆ, ಅವನು ನನಗೆ ಹೇಳಿದ ಮಾತು ಇದು. "ಬೈರ, ನನ್ನ ಕೈಯಲ್ಲಿ ಏನೋ ಕೆಟ್ಟದೆ. ಏನು ಅಂತ ನಂಗೇ ಗೊತ್ತಾಗ್ತಿಲ್ಲ. ಅದನ್ನ ಮಗನಿಗೆ ಕಲಿಸಬಾರದು." ಅವತ್ತೂ ನಾನು ಬಾಯಿ ಬಿಡಲಿಲ್ಲ.

ಅದಕ್ಕೇ ಚೌಕಟ್ಟಿನ ಚಿತ್ರಗಳ ಪ್ರವಾಸ ಕೇಳಿದೆ. ಮೊಳೆಗೆ ತೂಗುಹಾಕಿದ ಚಿತ್ರದ ಮುಂದೆ ಸುಣ್ಣದ ಮಾತು ಬರುವುದಿಲ್ಲ. ಅವನಿಗೆ ಏನಾದರೂ ದೊಡ್ಡದನ್ನು ಕೊಡಬೇಕೆಂದು ನನಗಿತ್ತು. ನಿಜವನ್ನು ಬಿಟ್ಟು ಏನಾದರೂ.

ಚಿಕ್ಕಬೈರಪ್ಪ


ಬೊಂಬಾಯಿ
1 ಅಕ್ಟೋಬರ್ 1955

ಶ್ರೀ ಚಿಕ್ಕಬೈರಪ್ಪನವರಿಗೆ,

ಮಾನ್ಯರೇ,

ತಮ್ಮ ಸೆಪ್ಟೆಂಬರ್ 14ರ ಪತ್ರ ತಲುಪಿದೆ. ಎರಡನೆಯ ಪ್ರವಾಸದಲ್ಲಿ ತಮ್ಮ ಎರಡು ಸ್ಥಳಗಳನ್ನು ಈ ತಿಂಗಳ 15ರವರೆಗೆ ಕಾಯ್ದಿರಿಸಲಾಗಿದೆ. ಅನಂತರ ಬೇರೆಯವರಿಗೆ ಕೊಡಲಾಗುವುದು. ಇದರೊಂದಿಗೆ ಇರುವ ಒಪ್ಪಿಗೆಯ ಫಾರಂಗಳಿಗೆ ಪ್ರಯಾಣಿಕರು ಎಲ್ಲ ವಿವರಗಳನ್ನೂ ತಿಳಿದ ಮೇಲೆ ತಾವೇ ಸಹಿ ಮಾಡತಕ್ಕದ್ದು. ಒಬ್ಬರ ಪರವಾಗಿ ಇನ್ನೊಬ್ಬರು ಸಹಿ ಮಾಡುವಂತಿಲ್ಲ.

ಇತಿ,
ಎಸ್. ಗಯಾಸ್
ಗುಮಾಸ್ತ


ಯಲಹಂಕ
8 ಅಕ್ಟೋಬರ್ 1955

ಚಿ. ಗಯಾಸನಿಗೆ,

'ಎಲ್ಲ ವಿವರಗಳನ್ನೂ ತಿಳಿದ ಮೇಲೆ' ಎಂದು ನೀನು ಬರೆದದ್ದು ಅರ್ಥವಾಯಿತು. ನಿನ್ನೆ ಶುಕ್ರವಾರ, ಅವನು ಮಸೀದಿಯಿಂದ ಬಂದ ಮೇಲೆ, ನಿಮ್ಮ ಮನೆಯ ಜಗುಲಿಯಲ್ಲಿ ಹೇಳಿದೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

"ಸರ್ದಾರ್, ಜಾಲಹಳ್ಳಿ ಗೋಡೆಗೆ ನಾನು ಬೆಲ್ಲ ಆಕಿದ್ದೆ ಕಣೋ" ಎಂದೆ.

ಅವನು ಅಡಿಕೆ ಕತ್ತರಿಸುತ್ತಿದ್ದ. ಕೈ ನಿಲ್ಲಿಸದೆ "ಇಲ್ಲ" ಎಂದ.

"ಇಲ್ಲ ಅಂದ್ರೆ?"

"ನೀನ್ ಹಾಕಿಲ್ಲ. ಮೆತ್ತೋವಾಗ ನಾನು ಬೆರಳಲ್ಲಿ ನೋಡಿದೀನಿ. ಬೆಲ್ಲ ಇದ್ದಿದ್ರೆ ಗೊತ್ತಾಗ್ತಿತ್ತು."

"ಗೊತ್ತಾಗ್ಲಿಲ್ವಲ್ಲಪ್ಪ!"

"ಇಪ್ಪತ್ತು ವರ್ಷ ಗಾರೆ ಮೆತ್ತಿರೋ ಬೆರಳು, ಬೈರ."

"ಅಂಗಾದ್ರೆ ಇರುವೆ ಯಾಕ್ ಬಂದ್ವು?"

"ಪಕ್ದಲ್ಲೇ ಅವರ ಅಡುಗೆ ಕೋಣೆ ಇತ್ತು."

ಆಣೆ ಪ್ರಮಾಣ ಮಾಡಿದೆ. ಎರಡು ಅಚ್ಚು ಎಂದೆ, ಹಬ್ಬದ ಬೆಲ್ಲ ಎಂದೆ, ಅವತ್ತು ನನ್ನ ಹೆಂಡತಿ ಮನೆಯಲ್ಲಿ ಹುಡುಕಿ ಬೈದದ್ದನ್ನೂ ಹೇಳಿದೆ. ಒಳಗಿನಿಂದ ಫಖ್ರುನ್ನೀಸಾ, "ಅಯ್ಯೋ ಒಪ್ಕೊಳ್ರೀ! ತಪ್ಪು ಮಾಡಿದೀನಿ ಅಂತ ಪಾಪ ಅಷ್ಟು ಬೇಡ್ಕೋತಾ ಇದಾರೆ" ಎಂದಳು. ಅವನು ಅಡಕತ್ತರಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದ. "ಮಗನ ಜೊತೆ ಸೇರ್ಕೊಂಡು ನನಗೆ ಸಮಾಧಾನ ಮಾಡಕ್ಕೆ ಬಂದಿದೀಯ. ಈ ವಯಸ್ಸಲ್ಲಿ ಸುಳ್ಳು ಕಲಿತ್ಯಾ?" ಎಂದು ಎದ್ದು ಹೋದ.

ನನ್ನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಹೇಳಿದ ನಿಜ ಇನ್ನೊಂದಿಲ್ಲ, ಅದನ್ನು ಅವನು ನಂಬಲಿಲ್ಲ.

ಇವತ್ತು ಬೆಳಿಗ್ಗೆ ಬಾಗಿಲು ತೆರೆದರೆ ಸರ್ದಾರ್ ನಿಂತಿದ್ದಾನೆ. ಬಗಲಲ್ಲಿ ಕರಣೆ, ಮಟ್ಟದ ಹಲಗೆ. "ಕಲಸು. ಒಂದು ಬರೀ ಸುಣ್ಣ ಮರಳು. ಇನ್ನೊಂದಕ್ಕೆ ಅವತ್ತು ಎಷ್ಟು ಹಾಕ್ದೆ ಅಂತೀಯೋ ಅಷ್ಟೇ. ನನ್ನ ಕಣ್ಣೆದುರಿಗೆ" ಎಂದ. ನಮ್ಮ ಹಿತ್ತಲಿನ ಗೋಡೆಗೆ ಎರಡು ಮೊಳದ ಚೌಕ ಎರಡು, ಅಕ್ಕಪಕ್ಕ ಮೆತ್ತಿದ. ಹಸಿಯಿದ್ದಾಗಲೇ ಕೆಮ್ಮಣ್ಣು ಕದಡಿ ಎರಡರಲ್ಲೂ ಒಂದೊಂದು ಕುಂಬಳದ ಎಲೆ ಬರೆದ. ಅವನು ಚಿತ್ರಕ್ಕಾಗಿ ಗೋಡೆ ಮೆತ್ತಿದ್ದನ್ನು ನಾನು ಹನ್ನೆರಡು ವರ್ಷದಿಂದ ನೋಡಿರಲಿಲ್ಲ. ಆ ನುಣುಪು ಹಾಗೆಯೇ ಇದೆ, ಗಯಾಸ್. ಒಂದು ಕೂದಲಿನಷ್ಟೂ ಹೋಗಿಲ್ಲ.

ಫಾರಂ ಕೊಟ್ಟೆ. "ಒಣಗಲಿ" ಎಂದ. ಹದಿನೈದನೇ ತಾರೀಕಿನ ಒಳಗೆ ಗಾರೆ ಒಣಗುವುದಿಲ್ಲ. ಜಾಗ ಬಿಟ್ಟುಕೊಡು.

ನಿನ್ನ
ಚಿಕ್ಕಬೈರಪ್ಪ


ಬೊಂಬಾಯಿ
18 ಅಕ್ಟೋಬರ್ 1955

ಮಾಮು,

ಜಾಗ ಬಿಟ್ಟುಕೊಟ್ಟೆ. ಪುಣೆಯ ದಂತವೈದ್ಯರೊಬ್ಬರೂ ಅವರ ತಂಗಿಯೂ ಹೋಗುತ್ತಾರೆ.

ನಿಮ್ಮ ಸೆಪ್ಟೆಂಬರಿನ ಕಾಗದ ಓದಿದ ಮೇಲೆ ನಿಮ್ಮ ಮೇಲೆ ನನಗೆ ಬಂದ ಕೋಪ ಇನ್ನೂ ಪೂರ್ತಿ ಹೋಗಿಲ್ಲ. ಹೋಗಿದೆ ಎಂದು ಬರೆದರೆ ನಿಮ್ಮ ತಪ್ಪನ್ನೇ ನಾನೂ ಮಾಡಿದಂತಾಗುತ್ತದೆ. ನೀವು ಒಂದು ಮಾತು ಆಡಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆ ಎಂದು ಲೆಕ್ಕವಿಲ್ಲದಷ್ಟು ಸಲ ಯೋಚಿಸಿದೆ. ನಾನು ಇಲ್ಲಿ ಸುಖವಾಗಿದ್ದೇನೆ ಎಂದು ಬರೆದದ್ದೂ ಸುಳ್ಳೇ. ಭಾನುವಾರಗಳಲ್ಲಿ ಬೈಕುಲ್ಲಾ ಕಡೆ ಕಟ್ಟುತ್ತಿರುವ ಮನೆಗಳ ಮುಂದೆ ನಿಂತು ಮೆತ್ತುವವರನ್ನು ನೋಡುತ್ತೇನೆ. ಎಲ್ಲ ಸಿಮೆಂಟು. ಆದರೂ ಮಣಿಕಟ್ಟು ತಿರುಗುವುದು ಒಂದೇ ರೀತಿ. ಅದಕ್ಕಿಂತ ಹೆಚ್ಚು ಏನೂ ಬೇಡ ಎನ್ನುವ ಹಾಗೆ ಮಧ್ಯಾಹ್ನದವರೆಗೆ ನಿಲ್ಲುತ್ತೇನೆ. ಕೂಲಿಯವರ ಮೇಲಿನ ಒಬ್ಬ ಮುಕಾದಮ ನನ್ನನ್ನು ಮುನಿಸಿಪಾಲಿಟಿಯ ಇನ್ಸ್‌ಪೆಕ್ಟರ್ ಎಂದುಕೊಂಡು ಚಹಾ ಕೊಡಿಸಿದ.

ಅಬ್ಬಾ ನಂಬಲಿಲ್ಲ ಎನ್ನುವಲ್ಲಿ ಮಾತ್ರ ನಗು ಬಂತು. ಇಷ್ಟು ದಿನವಾದ ಮೇಲೆ ಮೊದಲ ಸಲ.

ಅಬ್ಬಾ ಎದುರಿಗೇ ಕಲಸಿದಿರಲ್ಲ, ಆಗ ಅವರು ಬೆರಳಲ್ಲಿ ಮುಟ್ಟಿ ನೋಡಿದರೇ? ಏನೆಂದರು? ಮರಳು ಯಾವ ಹಳ್ಳದ್ದು? ಸುಣ್ಣ ಎಷ್ಟು ದಿನ ನೆನೆದದ್ದು? ಎರಡು ಚೌಕಗಳು ಹೇಗಿವೆ ಎಂದು ಪ್ರತಿ ವಾರ ಬರೆಯಿರಿ. ಒಂದು ಸಾಲಾದರೂ ಸಾಕು. ಮಾರ್ಚಿನ ಪ್ರವಾಸ ತುಂಬಿತು. ಸೆಪ್ಟೆಂಬರಿನದು ತೆರೆದಿದೆ.

ಗಯಾಸ್


ಯಲಹಂಕ
20 ಡಿಸೆಂಬರ್ 1955

ಚಿ. ಗಯಾಸನಿಗೆ,

ಇದು ನನ್ನ ಕಾಗದವಲ್ಲ. ಸರ್ದಾರ್ ಹೇಳುತ್ತಾನೆ, ನಾನು ಬರೆಯುತ್ತೇನೆ. ಒಂದು ಮಾತು ಹೆಚ್ಚು ಕಡಿಮೆಯಾದರೆ ಫಖ್ರುನ್ನೀಸಾಳಿಂದ ಓದಿಸಿ ಕಂಡುಹಿಡಿಯುತ್ತೇನೆ ಎಂದಿದ್ದಾನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅದು ಅವನಿಗೂ ಗೊತ್ತು. ಇನ್ನು ಮುಂದಿನದು ಅವನ ಮಾತು.

ಬೇಟಾ ಗಯಾಸ್, ಉರ್ದುವಿನಲ್ಲಿ ನಾನೇ ಬರೀಬಹುದಿತ್ತು. ಆದ್ರೆ ನಾನು ಬೈದಿದ್ದು ಬೈರನಿಗೆ ತಿಳಿಯಲ್ಲ. ಅದಕ್ಕೆ ಅವನ ಕೈಯಲ್ಲೇ ಬರೆಸ್ತಾ ಇದೀನಿ.

ಗೋಡೆ ಮೆತ್ತಿ ಎರಡು ತಿಂಗಳ ಮೇಲಾಯ್ತು. ಮೊನ್ನೆ ಒದ್ದೆ ಬಟ್ಟೆ ತಗೊಂಡು ಒರೆಸಿ ನೋಡ್ದೆ. ಬರೀ ಸುಣ್ಣ ಮರಳಿನ ಚೌಕದಲ್ಲಿ ಎಲೆ ಅಲ್ಲಾಡಲಿಲ್ಲ. ಇವನ ಬೆಲ್ಲದ ಚೌಕದಲ್ಲಿ ಎಲೆ ಪೂರ್ತಿ ಬಟ್ಟೆಗೆ ಬಂತು, ಹಿಂದೆ ಕಂದು ಕಲೆ. ಜಾಲಹಳ್ಳೀಲಿ ನೋಡಿದ್ದೇ ಬಣ್ಣ. ಬೈರ ಸುಳ್ಳು ಹೇಳಿರಲಿಲ್ಲ. ಬೈರ ಕತ್ತೆ. ಬರಿ, ಕತ್ತೆ ಅಂತಲೇ ಬರಿ.

ನನ್ನ ಬೆರಳಿಗೆ ಯಾಕೆ ಗೊತ್ತಾಗಲಿಲ್ಲ ಅಂತ ಆಮೇಲೆ ಯೋಚನೆ ಮಾಡ್ದೆ. ಇಪ್ಪತ್ತು ವರ್ಷವೂ ಬೆಲ್ಲ ಇರೋ ಗಾರೆನೇ ಮುಟ್ಟಿದ್ದೆ. ಇಲ್ಲದ್ದು ಹೆಂಗಿರ್ತದೆ ಅಂತ ಈ ಬೆರಳಿಗೆ ಗೊತ್ತೇ ಇರಲಿಲ್ಲ. ಈಗ ಗೊತ್ತಾಯ್ತು. ಇವನೊಬ್ಬನದೇ ತಪ್ಪು ಅಂತ ಹೇಳಕ್ಕಾಗಲ್ಲ. ಆದ್ರೂ ನಾಲ್ಕು ದಿನ ಇವನ ಮನೆ ಕಡೆ ಹೋಗ್ಲಿಲ್ಲ. ಐದನೇ ದಿನ ಚಾ ಕುಡಿಯಕ್ಕೆ ಬೇರೆ ಯಾರೂ ಸಿಗ್ಲಿಲ್ಲ.

ನಿನ್ನ ಕೈಯಿಂದ ಕರಣೆ ಕಿತ್ಕೊಂಡೆ. ನಿನ್ನ ಕೈ ಚೆನ್ನಾಗಿತ್ತು. ಚೆನ್ನಾಗಿತ್ತು ಅಂತಲೇ ಕಿತ್ಕೊಂಡೆ, ನನ್ನದು ಅದಕ್ಕೆ ಅಂಟಬಾರದು ಅಂತ. ನಿನಗೆ ಹೇಳಕ್ಕೆ ಬರ್ಲಿಲ್ಲ.

(ಇಲ್ಲಿ ಅವನು ಎದ್ದು ಒಳಗೆ ಹೋಗಿ ನೀರು ಕುಡಿದು ಬಂದ.)

ಪ್ರವಾಸದ ಮಾತು. ಸೆಪ್ಟೆಂಬರಿನದು, ಗೋಡೆಗಳದ್ದು, ಆ ಗೋಡೆ ಜೋಡಿಸೋ ಅಮ್ಮ ಇರೋದು. ಛತ್ರಿ ಹಿಡ್ಕೊಂಡು ಓಡೋನ ಹಿಂದೆ ನಾನು ಓಡಲ್ಲ. ಮೂರು ಜಾಗ ಇಡು. ಎರಡೇ ಇದ್ರೆ ಯಾವುದೂ ಬೇಡ. ನಿಮ್ಮ ಆಫೀಸಿನವರು ರಜೆ ಕೊಡದಿದ್ರೆ ಕೆಲಸ ಬಿಟ್ಟು ಬಾ ಅಂತ ನಿಮ್ಮಮ್ಮ ಒಳಗಿಂದ ಹೇಳ್ತಾ ಇದಾಳೆ. ನಾನು ಹೇಳಿಲ್ಲ, ಅವಳು ಹೇಳಿದ್ದು.

ಅದಕ್ಕೆ ಮುಂಚೆ ಒಂದು ಸಲ ಬಾ. ಹೊಸ ಸುಣ್ಣ ನೆನೆಹಾಕಿದೀನಿ, ಮೂರು ತಿಂಗಳು ಬೇಕು. ಏಪ್ರಿಲ್‌ಗೆ ಆಗ್ತದೆ. ನಮ್ಮನೆ ಒಳಕೋಣೆ ಗೋಡೆ ನೀನೇ ಮೆತ್ತು. ಒಂದು ಗೋಡೆನೂ ಮೆತ್ತದೋನು ಅಲ್ಲಿಗೆ ಹೋದ್ರೆ ಚಿತ್ರ ನೋಡ್ಕೊಂಡು ಬರ್ತಾನೆ, ಗೋಡೆ ನೋಡಲ್ಲ. ಬೈರನೂ ಬರ್ಲಿ. ಆದ್ರೆ ಅಲ್ಲಿ ಯಾರಾದ್ರೂ ಸುಣ್ಣ ಕಲಸ್ತಾ ಇದ್ರೆ ಇವನು ಕೈ ಹಿಂದೆ ಕಟ್ಕೊಂಡು ಹತ್ತು ಗಜ ದೂರ ನಿಲ್ಲಬೇಕು.

ಫಾರಂ ಇದರ ಜೊತೆಗಿದೆ. ನನ್ನ ಸಹಿ ನಾನೇ ಮಾಡಿದೀನಿ. ಉದ್ಯೋಗ ಅಂತ ಅದರಲ್ಲಿ ಒಂದು ಗೆರೆ ಇದೆಯಂತೆ, ಇವನು ಓದಿ ಹೇಳ್ದ. ನನಗೆ ಮೇಸ್ತ್ರಿ ಅಂತ ಬರೆಸಿದೀನಿ. ಬೈರನಿಗೂ ಮೇಸ್ತ್ರಿ ಅಂತಲೇ ಬರ್ಕೋ ಅಂದೆ, ಹೋಗ್ಲಿ ಅಂತ. ನಿನ್ನ ಫಾರಂನಲ್ಲಿ ಗುಮಾಸ್ತ ಅಂತ ಬರೀಬೇಡ. ಆ ಗೆರೆ ಹಂಗೇ ಬಿಡು. ಏಪ್ರಿಲ್‌ನಲ್ಲಿ ನಿನ್ನ ಗೋಡೆ ನೋಡಿ ತುಂಬೋಣ.